ಹಾಜರಿ ಪುಸ್ತಕ ತುಂಬಿದೆ, ಕೈಗೆ ಕೆಲಸ ಬಂದಿಲ್ಲ: ಲೆಕ್ಕ ತಪ್ಪಿದ್ದೆಲ್ಲಿ?

ಐಟಿಐ, ಡಿಪ್ಲೊಮಾ ಮಕ್ಕಳನ್ನು ಗ್ಯಾರೇಜು, ವರ್ಕ್‌ಶಾಪು, ಕಾರ್ಖಾನೆಗಳಿಗೆ ಕೆಲಸ ಕಲಿಯಲು ಕಳಿಸುವ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಬೋಧಕರು ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಟ್ಟಿದ್ದೇವೆ.

ಪ್ರಶ್ನೆ: ನಮ್ಮ ಎಲೆಕ್ಟ್ರಿಷಿಯನ್ ಟ್ರೇಡ್‌ನ 20 ಹುಡುಗರನ್ನು 150 ಗಂಟೆಯ ಓಜೆಟಿಗೆ (ಕೆಲಸದ ಜಾಗದಲ್ಲೇ ಕಲಿಯುವ ತರಬೇತಿಗೆ) ಮೋಟರ್ ರೀವೈಂಡಿಂಗ್ ಅಂಗಡಿಗಳಿಗೆ, ಅಂದರೆ ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತಿಕೊಡುವ ಕಡೆಗೆ, ಕಳಿಸುತ್ತೇವೆ. ಹಾಜರಿ ಚೆನ್ನಾಗಿದೆ, ಡೈರಿಯಲ್ಲಿ ಮಾಲೀಕರ ಸಹಿ, ಸೀಲು ಎಲ್ಲ ಇದೆ. ಆದರೆ ವಾಪಸ್ ಬಂದವರಿಗೆ ಸ್ಟಾರ್-ಡೆಲ್ಟಾ ಸ್ಟಾರ್ಟರಿನ (ಮೂರು ಫೇಸಿನ ಮೋಟರನ್ನು ಕಡಿಮೆ ಕರೆಂಟಿನಲ್ಲಿ ಶುರು ಮಾಡುವ ಸಾಧನದ) ವೈರಿಂಗ್ ಬರುವುದಿಲ್ಲ. ಯಾವ ಮಾಹಿತಿ ಇಟ್ಟುಕೊಂಡರೆ ಇದು ಮೊದಲೇ ಗೊತ್ತಾಗುತ್ತದೆ?
— ಬೋಧಕರು, ದಾವಣಗೆರೆ

ಮೊದಲು ಅಂಗಡಿಯ ಕಡೆಯಿಂದ ನೋಡಿ. ರಿಪೇರಿಗೆ ಬಂದ ಮೋಟರ್ ಚನ್ನಗಿರಿ ಕಡೆಯ ಅಡಿಕೆ ತೋಟದ್ದು ಎಂದುಕೊಳ್ಳಿ. ರೈತ ನಾಳೆಯೇ ಬೇಕು ಅನ್ನುತ್ತಾನೆ. ತಾಮ್ರದ ತಂತಿ ದುಬಾರಿ, ಒಂದು ತುದಿ ಅದಲು ಬದಲಾದರೂ ಹೊಸ ವೈಂಡಿಂಗ್ ಸುಟ್ಟುಹೋಗಬಹುದು. ಹಾಗಾಗಿ ಮಾಲೀಕರು ತುದಿ ಸೇರಿಸುವ ಕೆಲಸವನ್ನು ಹಳೆ ಮೇಸ್ತ್ರಿಗೆ ಕೊಟ್ಟು, ಸುಟ್ಟ ಕಾಯಿಲ್ ಬಿಚ್ಚುವುದು, ವಾರ್ನಿಷ್ ಕೆರೆಯುವುದು, ಟೀ ತರುವುದನ್ನು ಹುಡುಗನಿಗೆ ಬಿಡುತ್ತಾರೆ. ಅವರ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ. ಹಾಜರಿ ಪುಸ್ತಕದಲ್ಲಿ ಮಾತ್ರ ಈ ಹುಡುಗನೂ ಕಾಯಿಲ್ ಇಳಿಸಿದ ಹುಡುಗನೂ ಒಂದೇ.

ಆದ್ದರಿಂದ ಗಂಟೆಯ ಜೊತೆಗೆ ಕೆಲಸವನ್ನೂ ಎಣಿಸಿ. ಆ ಅಂಗಡಿಯಲ್ಲಿ ನಿಜವಾಗಿ ನಡೆಯುವ 14 ಕೆಲಸಗಳನ್ನು ಮಾಲೀಕರನ್ನೇ ಕೇಳಿ ಪಟ್ಟಿ ಮಾಡಿ: ಗಿರಾಕಿಯಿಂದ ದೋಷ ಕೇಳಿ ಬರೆದುಕೊಳ್ಳುವುದು, ಮೋಟರ್ ಬಿಚ್ಚಿ ಗುರುತು ಹಾಕುವುದು, ಹಳೆ ಕಾಯಿಲಿನ ಸುತ್ತು ಎಣಿಸಿ ತಂತಿಯ ಗೇಜ್ ಅಳೆಯುವುದು, ಸ್ಲಾಟಿಗೆ (ಕಾಯಿಲ್ ಕೂರುವ ಗಾಡಿಗೆ) ಪೇಪರ್ ಹಾಕುವುದು, ಕಾಯಿಲ್ ಸುತ್ತುವುದು, ಸ್ಲಾಟಿಗೆ ಇಳಿಸುವುದು, ತುದಿ ಸೇರಿಸುವುದು, ಮೆಗ್ಗರ್ (ಇನ್ಸುಲೇಶನ್ ಪರೀಕ್ಷಿಸುವ ಮೀಟರ್) ಹಚ್ಚಿ ನೋಡುವುದು, ವಾರ್ನಿಷ್ ಕೊಡುವುದು, ಬೇರಿಂಗ್ ಬದಲಿಸುವುದು, ಸ್ಟಾರ್ಟರಿನ ಕಾಂಟ್ಯಾಕ್ಟ್ ಪರೀಕ್ಷೆ, ಸ್ಟಾರ್ಟರ್ ವೈರಿಂಗ್, ಓವರ್‌ಲೋಡ್ ರಿಲೇ (ಕರೆಂಟ್ ಹೆಚ್ಚಾದರೆ ಮೋಟರ್ ನಿಲ್ಲಿಸುವ ಸಾಧನ) ಹೊಂದಿಸುವುದು, ಕ್ಲ್ಯಾಂಪ್ ಮೀಟರಿನಲ್ಲಿ ಮೂರೂ ಫೇಸಿನ ಕರೆಂಟ್ ಅಳೆಯುವುದು. ಇದನ್ನು ಜೇಬಿಗೆ ಹೋಗುವಷ್ಟು ದಪ್ಪ ಕಾಗದದ ಕಾರ್ಡಿನಲ್ಲಿ ಅಚ್ಚು ಹಾಕಿಸಿ. ಹುಡುಗ ದಿನಾ ಸಂಜೆ ಪ್ರತಿ ಕೆಲಸದ ಮುಂದೆ ಒಂದು ಅಂಕಿ ಬರೆಯಲಿ. ಆ ಕೆಲಸ ಅವತ್ತು ಬರಲೇ ಇಲ್ಲ ಎಂದರೆ 0, ನಿಂತು ನೋಡಿದೆ ಎಂದರೆ 1, ಮೇಸ್ತ್ರಿ ಜೊತೆ ಕೈ ಹಾಕಿದೆ ಎಂದರೆ 2, ಒಬ್ಬನೇ ಮಾಡಿದೆ, ಅವರು ಪರೀಕ್ಷಿಸಿದರು ಎಂದರೆ 3. ಕೆಳಗೆ ಒಂದು ಸಾಲು: ‘ಇವತ್ತು ಎಡವಿದ್ದು’.

ಒಂಬತ್ತನೇ ದಿನದ ಕಾರ್ಡು ಹೀಗಿರಬಹುದು: ಬಿಚ್ಚುವುದು 3, ಸುತ್ತು ಎಣಿಸುವುದು 2, ಪೇಪರ್ 2, ಇಳಿಸುವುದು 1, ತುದಿ 0, ಮೆಗ್ಗರ್ 0, ಸ್ಟಾರ್ಟರ್ 0. ಎಡವಿದ್ದು: ‘ಪೇಪರ್ ಗಿಡ್ಡ ಕತ್ತರಿಸಿದೆ, ಸ್ಲಾಟಿನ ಅಂಚಿಗೆ ತಂತಿ ತಾಗಿತು.’ ಈ ಒಂದು ಸಾಲು ಡೈರಿಯ ‘ಇಂದು ಮೋಟರ್ ಬಗ್ಗೆ ತಿಳಿದುಕೊಂಡೆನು’ ಎಂಬ ಹತ್ತು ಪುಟಕ್ಕಿಂತ ಮೇಲು.

ದಿನಕ್ಕೆ 8 ಗಂಟೆಯಂತೆ 150 ಗಂಟೆ ಅಂದರೆ 19 ದಿನ. ಶನಿವಾರ ಶನಿವಾರ ಕಾರ್ಡು ತರಿಸಿ ಎರಡೇ ಲೆಕ್ಕ ನೋಡಿ. ಈವರೆಗೆ 14ರಲ್ಲಿ ಎಷ್ಟು ಕೆಲಸ 2 ಅಥವಾ 3 ಮುಟ್ಟಿವೆ? ಈ ವಾರ ಹೊಸದಾಗಿ ಮುಟ್ಟಿದವು ಎಷ್ಟು? ಎರಡನೆಯದು ಸೊನ್ನೆ ಬಂದರೆ ಸೋಮವಾರವೇ ಅಂಗಡಿಗೆ ಹೋಗಿ. ಹತ್ತನೇ ದಿನಕ್ಕೆ ತಿಳಿದರೆ ಏನಾದರೂ ಮಾಡಬಹುದು, ಹದಿನಾರನೇ ದಿನಕ್ಕೆ ತಿಳಿದರೆ ವರದಿ ಬರೆಯಬಹುದು ಅಷ್ಟೆ. ಮಾಡಬಹುದಾದ್ದು ಎರಡು. ಸ್ಟಾರ್ಟರ್ ಕೆಲಸ ಹೆಚ್ಚಿರುವ ಇನ್ನೊಂದು ಜಾಗದ ಹುಡುಗನ ಜೊತೆ ಉಳಿದ ದಿನಗಳಿಗೆ ಅದಲು ಬದಲು ಮಾಡುವುದು. ಇಲ್ಲವೇ ಸಂಸ್ಥೆಯ ಮೂಲೆಯಲ್ಲಿ ಸುಟ್ಟು ಬಿದ್ದಿರುವ ಮೋಟರನ್ನೇ ಅಂಗಡಿಗೆ ಕಳಿಸಿ, ತಂತಿಯ ಖರ್ಚು ನಾವು ಕೊಡುತ್ತೇವೆ, ಇದನ್ನು ಹುಡುಗನೇ ಕಟ್ಟಲಿ ಎನ್ನುವುದು. ಕೆಟ್ಟರೆ ಗಿರಾಕಿಗೆ ನಷ್ಟವಿಲ್ಲ ಎಂದಾಗ ಮಾಲೀಕರೂ ಕೈ ಬಿಟ್ಟುಕೊಡುತ್ತಾರೆ.

ಎಲ್ಲ ಕಡೆ 3 ಬರೆದುಕೊಂಡು ಬರುವವರೂ ಇರುತ್ತಾರೆ. ವಾರಕ್ಕೆ ಎರಡು ಕಾರ್ಡು ಚೀಟಿ ಎತ್ತಿ ಆರಿಸಿ, ಕೈಯಾರೆ ಮಾಡಿದವನಿಗಷ್ಟೇ ಗೊತ್ತಿರುವುದನ್ನು ಕೇಳಿ: ‘ಆ ಸ್ಟೇಟರಿಗೆ ಎಷ್ಟು ಸ್ಲಾಟು? ಒಂದು ಕಾಯಿಲಿಗೆ ಎಷ್ಟು ಸುತ್ತು ಹಾಕಿದಿರಿ?’ ಕಾರ್ಡಿಗೆ ಮಾತ್ರ ಅಂಕ ಕೊಡಬೇಡಿ. ಅಂಕ ಕೊಟ್ಟ ದಿನದಿಂದ ಅದೂ ಡೈರಿಯ ದಾರಿ ಹಿಡಿಯುತ್ತದೆ. ಇನ್ನೊಂದು ಮಾತು, ಕಾರ್ಡಿನಲ್ಲಿ 3 ತುಂಬಿಸುವ ಆಸೆಗೆ ಹುಡುಗರು ಕರೆಂಟ್ ಇರುವ ಲೈನಿಗೆ ಕೈ ಹಾಕಬಾರದು. ಮೆಗ್ಗರ್, ವೈರಿಂಗ್ ಎರಡೂ ಸಪ್ಲೈ ಬಂದ್ ಮಾಡಿದ ಮೇಲೆ. ಕರೆಂಟ್ ಅಳೆಯುವಾಗ ಮೇಸ್ತ್ರಿ ಪಕ್ಕದಲ್ಲೇ ಇರಬೇಕು. ಕಾರ್ಡಿನ ತಲೆಯ ಮೇಲೆ ಇದನ್ನು ಅಚ್ಚು ಹಾಕಿಸಿ.

ಪ್ರಶ್ನೆ: ಕಂಪನಿಯವರು ಎಲ್ಲ ವಿದ್ಯಾರ್ಥಿಗಳಿಗೂ ಐದಕ್ಕೆ ನಾಲ್ಕೋ ಐದೋ ಕೊಡುತ್ತಾರೆ. ಇಂಥ ಮೌಲ್ಯಮಾಪನದಿಂದ ಏನು ತಿಳಿಯಬೇಕು?
— ಮೆಕ್ಯಾನಿಕಲ್ ಡಿಪ್ಲೊಮಾ ಉಪನ್ಯಾಸಕರು, ಚಿತ್ರದುರ್ಗ

ಏನೂ ತಿಳಿಯದು. ಫಾರಂ ಹಿಡಿದು ಹುಡುಗನೇ ಎದುರು ನಿಂತಿರುವಾಗ ಯಾರು ಎರಡು ಅಂಕ ಕೊಡುತ್ತಾರೆ? ಒಬ್ಬ ಸೂಪರ್‌ವೈಸರ್‌ನ ನಾಲ್ಕೂ ಇನ್ನೊಬ್ಬರ ನಾಲ್ಕೂ ಒಂದೇ ತೂಕದವಲ್ಲ, ಹಾಗಾಗಿ ಸರಾಸರಿ ತೆಗೆದರೂ ಅದಕ್ಕೆ ಅರ್ಥವಿಲ್ಲ.

ಅರ್ಧ ಅವಧಿ ಮುಗಿದಾಗ ನೀವೇ ಫೋನ್ ಮಾಡಿ, ಮೂರು ನಿಮಿಷ ಸಾಕು. ‘ನಾಳೆ ಇವನೊಬ್ಬನಿಗೇ ಯಾವ ಕೆಲಸ ಬಿಟ್ಟು ನೀವು ಹೊರಗೆ ಹೋಗುತ್ತೀರಿ? ಯಾವುದನ್ನು ಖಂಡಿತ ಬಿಡುವುದಿಲ್ಲ? ನಾವು ಕಾಲೇಜಿನಲ್ಲಿ ಏನು ಕಲಿಸಿ ಕಳಿಸಬೇಕಿತ್ತು?’ ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ಹತ್ತು ಜನರಲ್ಲಿ ಆರು ಜನ ‘ಡ್ರಾಯಿಂಗ್‌ನಲ್ಲಿ ಟಾಲರೆನ್ಸ್ (ಅಳತೆ ಎಷ್ಟು ಹೆಚ್ಚು ಕಡಿಮೆ ಆಗಬಹುದು ಎಂಬ ಮಿತಿ) ಓದೋಕೆ ಬರಲ್ಲ’ ಎಂದರೆ ಅದು ಕಂಪನಿಯ ಸಮಸ್ಯೆಯಲ್ಲ, ನಿಮ್ಮ ಎರಡನೇ ಸೆಮಿಸ್ಟರಿನದು.

ಜೊತೆಗೆ ಹೋಗುವ ಮುಂಚೆ ಒಂದು, ಬಂದ ಮೇಲೆ ಒಂದು ಸಣ್ಣ ಪರೀಕ್ಷೆ ಇಡಿ. ಮೆಟ್ಟಿಲು ಮೆಟ್ಟಿಲಾಗಿ ಟರ್ನ್ ಮಾಡಿದ ಶಾಫ್ಟಿನ ಮೇಲೆ 10 ಅಳತೆಯ ಜಾಗ ಗುರುತಿಸಿ, 0.02 ಮಿ.ಮೀ. ಲೀಸ್ಟ್ ಕೌಂಟಿನ (ಅಳೆಯಬಲ್ಲ ಅತಿ ಸಣ್ಣ ಅಳತೆಯ) ವರ್ನಿಯರ್ ಕೊಟ್ಟು ಹತ್ತು ನಿಮಿಷದಲ್ಲಿ ಅಳೆಯಲು ಹೇಳಿ. 0.04 ಮಿ.ಮೀ.ಗಿಂತ ಹೆಚ್ಚು ತಪ್ಪಿದವು ಎಷ್ಟು ಎಂದು ಎಣಿಸಿ. ಎರಡನೇ ಸಲ ಅದೇ ಆಕಾರದ, ಬೇರೆ ಅಳತೆಯ ಶಾಫ್ಟ್ ಕೊಡಿ. ಅದೇ ತುಂಡು ಕೊಟ್ಟರೆ ನೆನಪಿನಿಂದ ಬರೆಯುತ್ತಾರೆ. ಹೋಗುವಾಗ ಆರು ತಪ್ಪು, ಬಂದಾಗ ಎರಡು ಎಂದಾದರೆ ಯಾರ ಸಹಿಯೂ ಬೇಕಿಲ್ಲ.

ಪ್ರಶ್ನೆ: ಎಷ್ಟು ಜನರಿಗೆ ಕೆಲಸ ಸಿಕ್ಕಿತು ಎಂಬ ಶೇಕಡಾವಾರು ನೋಡಿ ಕಂಪನಿಗಳಿಗೆ ರ‍್ಯಾಂಕ್ ಕೊಡಿ, ಕೊನೆಯ ಮೂರನ್ನು ಬಿಡಿ ಎಂದು ಪ್ರಾಂಶುಪಾಲರು ಹೇಳುತ್ತಾರೆ. ಇದು ಸರಿಯೇ?
— ಪ್ಲೇಸ್‌ಮೆಂಟ್ ಅಧಿಕಾರಿ, ಹರಿಹರ

ಅವಸರ ಬೇಡ. ಒಂದು ಗ್ಯಾರೇಜಿಗೆ 3 ಜನ ಹೋಗಿ ಇಬ್ಬರಿಗೆ ಕೆಲಸ ಸಿಕ್ಕಿತು ಎನ್ನಿ, ಶೇ 67. ಒಂದು ಕಾರ್ಖಾನೆಗೆ 24 ಜನ ಹೋಗಿ 15 ಜನರಿಗೆ ಸಿಕ್ಕಿತು, ಶೇ 62.5. ರ‍್ಯಾಂಕಿನಲ್ಲಿ ಗ್ಯಾರೇಜು ಮುಂದೆ. ಆ ಇಬ್ಬರಲ್ಲಿ ಒಬ್ಬ ಕೆಲಸ ಬಿಟ್ಟು ಅಪ್ಪನ ಮಂಡಕ್ಕಿ ಭಟ್ಟಿಗೆ ಹೋದರೆ ಗ್ಯಾರೇಜು ಶೇ 33ಕ್ಕೆ ಬಿದ್ದು ಕೊನೆಯ ಮೂರರೊಳಗೆ ಬರುತ್ತದೆ. ಅಷ್ಟರಲ್ಲಿ ಗ್ಯಾರೇಜಿನವರು ಕಲಿಸುವುದರಲ್ಲಿ ಏನೂ ಬದಲಾಗಿಲ್ಲ. ಹತ್ತಕ್ಕಿಂತ ಕಡಿಮೆ ಜನರಿದ್ದರೆ ಶೇಕಡಾ ಬರೆಯಲೇಬೇಡಿ, ‘3ರಲ್ಲಿ 2’ ಎಂದೇ ಬರೆಯಿರಿ. ಮೂರು ವರ್ಷದ್ದು ಕೂಡಿಸಿ ನೋಡಿ.

ಇದಕ್ಕಿಂತ ದೊಡ್ಡ ತಪ್ಪು ಬೇರೆ ಇದೆ. ಹೆಸರಿರುವ ಕಾರ್ಖಾನೆಗೆ ಜಾಣರನ್ನೇ ಆರಿಸಿ ಕಳಿಸಿ, ಉಳಿದವರನ್ನು ಸಣ್ಣ ಶೆಡ್ಡುಗಳಿಗೆ ಹಂಚುವುದು ಬಹಳ ಕಡೆ ರೂಢಿ. ಆಮೇಲೆ ಕಾರ್ಖಾನೆಗೆ ಹೋದವರಿಗೆ ಕೆಲಸ ಸಿಕ್ಕಿತು ಎಂದರೆ ಅದು ಕಾರ್ಖಾನೆಯ ಗುಣವೋ ಹುಡುಗರ ಗುಣವೋ? ಹಿಂದಿನ ವರ್ಷದ ಅಂಕದ ಮೇಲೆ ಮೂರು ಗುಂಪು ಮಾಡಿ, ಮೇಲಿನ ಗುಂಪಿನವರನ್ನು ಮೇಲಿನ ಗುಂಪಿನವರ ಜೊತೆಗೇ ಹೋಲಿಸಿ. ಇನ್ನೂ ಒಳ್ಳೆಯದೆಂದರೆ ಒಂದೇ ಗುಂಪಿನೊಳಗೆ ಯಾರಿಗೆ ಯಾವ ಜಾಗ ಎಂದು ಚೀಟಿ ಎತ್ತಿಸುವುದು. ಶಿಫಾರಸಿನ ಕಾಟವೂ ತಪ್ಪುತ್ತದೆ, ಮುಂದಿನ ವರ್ಷ ನಂಬುವಂಥ ಲೆಕ್ಕವೂ ಸಿಗುತ್ತದೆ. ಜಾಗ ಬಿಡಲೇಬೇಕಾದರೆ ಕೆಲಸದ ಕಾರ್ಡು ನೋಡಿ ಬಿಡಿ. ಎರಡು ಬ್ಯಾಚಿನಲ್ಲೂ 2 ಅಥವಾ 3 ಮುಟ್ಟಿದ ಕೆಲಸ 14ರಲ್ಲಿ 4 ದಾಟದ ಅಂಗಡಿಯನ್ನು ಬಿಡಲು ಅದೇ ಸಾಕು.

ಪ್ರಶ್ನೆ: ಇದಕ್ಕೆಲ್ಲ ಸಾಫ್ಟ್‌ವೇರ್ ಕೊಳ್ಳಬೇಕೇ?
— ಬೋಧಕರು, ಹಿರಿಯೂರು

ಬೇಡ. 20 ಜನ, 19 ದಿನ ಅಂದರೆ 380 ಸಾಲು, ಎಕ್ಸೆಲ್ ಸಾಕು. ಒಬ್ಬರ ಒಂದು ದಿನಕ್ಕೆ ಒಂದು ಸಾಲು, ಒಂದು ಕೆಲಸಕ್ಕೆ ಒಂದು ಕಾಲಂ. ‘ಮಂಜುನಾಥ’, ‘ಮಂಜುನಾಥ್ ಟಿ’, ‘ಟಿ ಮಂಜುನಾಥ’ ಮೂರು ಜನರಾಗಿಬಿಡುತ್ತಾರೆ, ಆದ್ದರಿಂದ ಹೆಸರಿನ ಬದಲು ರಿಜಿಸ್ಟರ್ ನಂಬರ್ ಬಳಸಿ. ಚೆಂದ ಕಾಣಲೆಂದು ಸೆಲ್‌ಗಳನ್ನು ಮರ್ಜ್ ಮಾಡಬೇಡಿ, ಮಾಡಿದರೆ ಸಾರ್ಟ್ ಮಾಡುವಾಗ ಎಲ್ಲ ಕೆಡುತ್ತದೆ. ಕಾರ್ಡು ಕೊಡದ ದಿನವನ್ನು ಖಾಲಿ ಬಿಡಿ, 0 ಹಾಕಬೇಡಿ. ‘ಕೆಲಸ ಬರಲಿಲ್ಲ’ ಬೇರೆ, ‘ಗೊತ್ತಿಲ್ಲ’ ಬೇರೆ. ಯಾರು ಯಾವ ಕೆಲಸದಲ್ಲಿ ಎಲ್ಲಿಯವರೆಗೆ ಬಂದರು ಎಂಬುದನ್ನು ಮ್ಯಾಕ್ಸ್‌ಇಫ್ಸ್ (MAXIFS, ಷರತ್ತಿಗೆ ಹೊಂದುವ ಸಾಲುಗಳಲ್ಲಿ ಅತಿ ದೊಡ್ಡ ಅಂಕಿ ಹುಡುಕುವ) ಫಾರ್ಮುಲಾ ಒಂದೇ ತೆಗೆದುಕೊಡುತ್ತದೆ.

ಪ್ರಶ್ನೆ: ಜಗಳೂರು ಕಡೆಯಿಂದ ಬರುವ ಹೆಣ್ಣುಮಕ್ಕಳು ಎರಡನೇ ವಾರಕ್ಕೇ ಬಿಟ್ಟುಬಿಡುತ್ತಾರೆ. ಆದರೆ ಕೊನೆಯಲ್ಲಿ ತೆಗೆದುಕೊಳ್ಳುವ ಅನಿಸಿಕೆ ಫಾರಂನಲ್ಲಿ ಯಾರೂ ದೂರುವುದಿಲ್ಲ. ಏನು ಕಾರಣ?
— ಬೋಧಕಿ, ದಾವಣಗೆರೆ

ಕೊನೆಯವರೆಗೆ ಉಳಿದವರಷ್ಟೇ ಆ ಫಾರಂ ತುಂಬುತ್ತಾರೆ. ದೂರಬೇಕಿದ್ದವರು ಆಗಲೇ ಮನೆಯಲ್ಲಿದ್ದಾರೆ. ಬಿಟ್ಟ ಎರಡು ದಿನದೊಳಗೆ ಮಹಿಳಾ ಸಿಬ್ಬಂದಿಯೊಬ್ಬರು ಫೋನ್ ಮಾಡಿ ಎಷ್ಟನೇ ದಿನ ಬಿಟ್ಟರು, ಏಕೆ ಎಂದು ಅವರ ಮಾತಿನಲ್ಲೇ ಬರೆದುಕೊಳ್ಳಲಿ. ವಾರ ಕಳೆದರೆ ‘ಹುಷಾರಿರಲಿಲ್ಲ ಮೇಡಂ’ ಎಂಬ ಒಂದೇ ಉತ್ತರ ಸಿಗುತ್ತದೆ.

ಹಂಚುವ ಮೊದಲೇ ನಾಲ್ಕು ಕಾಲಂ ತುಂಬಿಸಿ: ಮನೆ ಬಿಡಬೇಕಾದ ಹೊತ್ತು, ಕೆಲಸ ಬಿಡುವ ಹೊತ್ತು, ಊರಿಗೆ ಹೋಗುವ ಕೊನೆಯ ಬಸ್ಸಿನ ಹೊತ್ತು, ಹೆಣ್ಣುಮಕ್ಕಳಿಗೆ ಬೀಗ ಹಾಕಿಕೊಳ್ಳಬಹುದಾದ ಶೌಚಾಲಯ ಇದೆಯೇ. ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾದ ಮೇಲೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಅವರಿಗೆ ಟಿಕೆಟ್ ಖರ್ಚಿಲ್ಲ, ಖಾಸಗಿ ಬಸ್ಸಿನ ರೂಟಾದರೆ ಇದೆ. ಇದನ್ನೂ ಗುರುತು ಮಾಡಿಕೊಳ್ಳಿ. ಆದರೂ ಬಹುಪಾಲು ಕೈ ಕೊಡುವುದು ಸಮಯ. ಕೆಲಸ ಬಿಡುವುದು 5.30ಕ್ಕೆ, ಬಸ್‌ಸ್ಟ್ಯಾಂಡಿಗೆ 25 ನಿಮಿಷದ ದಾರಿ, ಬಸ್ಸು 5.40ಕ್ಕೆ ಎಂದು ಪಕ್ಕಪಕ್ಕದಲ್ಲಿ ಬರೆದರೆ ಕಾರಣ ಹುಡುಕಬೇಕಿಲ್ಲ. ದಿನಕ್ಕೆ 6 ಗಂಟೆ ಮಾಡಿ 25 ದಿನಕ್ಕೆ ಹರಡಿದರೂ 150 ಗಂಟೆಯೇ ಆಗುತ್ತದೆ, ಮಾಲೀಕರ ಬಳಿ ಮೊದಲೇ ಮಾತಾಡಿ.

ಪ್ರಶ್ನೆ: ಅಪ್ರೆಂಟಿಸ್ ಆಗಿ ಸೇರಿದವರನ್ನು ‘ಕೆಲಸ ಸಿಕ್ಕವರು’ ಎಂದು ತೋರಿಸಬಹುದೇ?
— ಐಟಿಐ ಸಿಬ್ಬಂದಿ, ಚಳ್ಳಕೆರೆ

ಬೇಡ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರವೇ ಅಪ್ರೆಂಟಿಸ್ ಅಂದರೆ ತರಬೇತಿ ಪಡೆಯುವವ, ಕಾರ್ಮಿಕನಲ್ಲ. ಅವಧಿ ಮುಗಿದ ಮೇಲೆ ಅದೇ ಕಂಪನಿ ಇಟ್ಟುಕೊಳ್ಳಲೇಬೇಕೆಂದೂ ಇಲ್ಲ. ಅಪ್ರೆಂಟಿಸ್, ಸಂಬಳದ ಕೆಲಸ, ಸ್ವಂತ ಅಂಗಡಿ, ಡಿಪ್ಲೊಮಾಕ್ಕೆ ಲ್ಯಾಟರಲ್ ಎಂಟ್ರಿ (ನೇರ ಎರಡನೇ ವರ್ಷಕ್ಕೆ ಸೇರುವುದು), ಏನೂ ಇಲ್ಲ, ಪತ್ತೆಯಿಲ್ಲ: ಆರು ಬೇರೆ ಬೇರೆ ಕಾಲಂ ಇಡಿ. ಮೂರನೇ ತಿಂಗಳು ಒಮ್ಮೆ, ಆರನೇ ತಿಂಗಳು ಒಮ್ಮೆ ವಿಚಾರಿಸಿ. ಹುಡುಗರ ಸಿಮ್ ಬದಲಾಗುತ್ತಲೇ ಇರುತ್ತದೆ, ಆದ್ದರಿಂದ ಅವ್ವನದೋ ಅಕ್ಕನದೋ ಎರಡನೇ ನಂಬರು ಬರೆದುಕೊಂಡಿರಿ. ‘ಪತ್ತೆಯಿಲ್ಲ’ದವರನ್ನು ಲೆಕ್ಕದಿಂದ ಬಿಟ್ಟು ಶೇಕಡಾ ತೆಗೆದರೆ ಫಲಿತಾಂಶ ಸುಳ್ಳೇ ಏರುತ್ತದೆ.

ಪ್ರಶ್ನೆ: ಇಷ್ಟೆಲ್ಲ ಮಾಹಿತಿ ಇಟ್ಟುಕೊಳ್ಳಲು ಪೋಷಕರ ಒಪ್ಪಿಗೆ ಬೇಕೇ?
— ಬೋಧಕರು, ಹೊಸದುರ್ಗ

ತೆಗೆದುಕೊಳ್ಳಿ. ಎಸ್ಸೆಸ್ಸೆಲ್ಸಿ ಮುಗಿಸಿ ಬಂದವರಲ್ಲಿ ಬಹಳಷ್ಟು ಮಂದಿಗೆ 18 ತುಂಬಿರುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18ರೊಳಗಿನವರನ್ನು ಮಕ್ಕಳೆಂದೇ ಕರೆಯುತ್ತದೆ. ಪ್ರವೇಶದ ದಿನವೇ ಕನ್ನಡದಲ್ಲಿ ಅರ್ಧ ಪುಟದ ಪತ್ರಕ್ಕೆ ತಂದೆ ತಾಯಿಯ ಸಹಿ ಪಡೆಯಿರಿ: ಏನು ಬರೆದುಕೊಳ್ಳುತ್ತೇವೆ, ಏಕೆ, ಯಾರು ನೋಡುತ್ತಾರೆ. ಕಂಪನಿಗೆ ಹೆಸರು, ಟ್ರೇಡ್, ತುರ್ತು ಸಂಪರ್ಕದ ನಂಬರ್ ಕೊಟ್ಟರೆ ಸಾಕು, ಜಾತಿ ಪ್ರಮಾಣಪತ್ರದ ನಕಲು ಅವರಿಗೇಕೆ? ಆಧಾರ್ ಕಾರ್ಡಿನ ಫೋಟೊಗಳನ್ನು ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿಸುವ ಅಭ್ಯಾಸ ಇದ್ದರೆ ಇವತ್ತೇ ನಿಲ್ಲಿಸಿ, ಈಗಾಗಲೇ ಹಾಕಿದ್ದನ್ನು ಹಾಕಿದವರಿಂದಲೇ ‘ಎಲ್ಲರಿಗೂ ಅಳಿಸಿ’ ಒತ್ತಿಸಿ. ಆ ಅವಕಾಶದ ಸಮಯ ದಾಟಿದ್ದರೆ ಗ್ರೂಪಿನಲ್ಲಿರುವ ಪ್ರತಿಯೊಬ್ಬರ ಫೋನಿನಿಂದಲೂ ತೆಗೆಸಬೇಕಾಗುತ್ತದೆ.