ಪಕ್ಕದ ಮನೆಯವರು ಟಿಕೆಟ್ ಕೊಟ್ಟರೆ ಬೇಡ ಅನ್ನಬೇಡ

ಜನವರಿಯಲ್ಲಿ ಹಾಸನದಿಂದ ಅಮೆರಿಕದ ಇಂಡಿಯಾನಾ ರಾಜ್ಯಕ್ಕೆ, ಇಂಡಿಯಾನಾಪೊಲಿಸ್ ಪಕ್ಕದ ಫಿಶರ್ಸ್‌ಗೆ ಬಂದಿದ್ದೀಯ. ಗಂಡ ಬೆಳಗ್ಗೆ ಆಫೀಸಿಗೆ ಹೋದರೆ ಬರುವುದು ಸಂಜೆಗೇ. ಮಾತಿಗೆ ಜನ ಇಲ್ಲ. ಈಗ ಪಕ್ಕದ ಮನೆಯಾಕೆ ಬಿಗ್ ಟೆನ್ ಕಾಲೇಜು ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಟೂರ್ನಮೆಂಟಿಗೆ ಗುರುವಾರದ ಟಿಕೆಟ್ ಇದೆ, ಬಾ ಅಂತ ಕರೆದಿದ್ದಾರೆ. ಆಟ ಗೊತ್ತಿಲ್ಲ, ಹೋಗಿ ಏನು ಮಾಡಲಿ ಅಂತ ಕೇಳಿದ್ದೀಯ. ನನ್ನ ತಂಗಿಗಿಂತ ಚಿಕ್ಕವಳು, ಅದಕ್ಕೆ ನೀನು ಅಂತಲೇ ಬರೆಯುತ್ತೇನೆ, ಬೇಜಾರಿಲ್ಲ ಅಲ್ವಾ?

ಹೋಗು. ಯೋಚನೆಯೇ ಮಾಡಬೇಡ.

ನಾನು ಇಂಡಿಯಾನಾಪೊಲಿಸ್‌ಗೆ ಬಂದಿದ್ದು 2009ರಲ್ಲಿ. ಮೊದಲ ಚಳಿಗಾಲ ನನ್ನದೂ ನಿನ್ನ ಹಾಗೇ, ಕಿಟಕಿ ಮುಂದೆ ಕೂತು ಕಳೆದಿದ್ದು. ಮಾರ್ಚ್‌ನಲ್ಲಿ ಎದುರು ಮನೆಯ ಅಜ್ಜಿ ಬಂದು, ಸುಮ್ನೆ ನನ್ನ ಜೊತೆ ಬಾ, ಒಬ್ಬಳೇ ಹೋಗೋಕೆ ಬೇಜಾರು ಅಂದರು. ಇದೇ ಟೂರ್ನಮೆಂಟು, ಇದೇ ಒಳಾಂಗಣ ಕ್ರೀಡಾಂಗಣ. ಈಗ ಗೇನ್‌ಬ್ರಿಜ್ ಫೀಲ್ಡ್‌ಹೌಸ್ ಅನ್ನುತ್ತಾರೆ, ಆಗ ಕಾನ್ಸೆಕೊ ಅಂತಿತ್ತು. ಮೇಲಿನ ಸಾಲುಗಳು ಖಾಲಿ ಹೊಡೆಯುತ್ತಿದ್ದವು.

ಅಜ್ಜಿ ಒಂದು ಹಾಳೆ, ಪೆನ್ಸಿಲ್ ಹಿಡಿದು ಕೂತು ಯಾರು ಎಷ್ಟು ಬಾಸ್ಕೆಟ್ ಹಾಕಿದರು ಅಂತ ಗೆರೆ ಎಳೆಯುತ್ತಿದ್ದರು. ಮೇಲೆ ಇಷ್ಟು ದೊಡ್ಡ ಬೋರ್ಡಿನಲ್ಲಿ ಎಲ್ಲಾ ಬರುತ್ತಿದೆಯಲ್ಲ ಅಂತ ನನಗೆ ನಗು. ಫ್ರೀ ಥ್ರೋ, ಅಂದರೆ ಎದುರಿನವರು ಫೌಲ್ ಮಾಡಿದಾಗ ಯಾರೂ ತಡೆಯದೆ ಬಾಸ್ಕೆಟ್‌ಗೆ ಎಸೆಯುವ ಅವಕಾಶ, ಬಂದಾಗ ಮಾತ್ರ ಪೆನ್ಸಿಲ್ ಕೆಳಗಿಡುತ್ತಿದ್ದರು. ಅಂಕಣದಲ್ಲಿ ಹುಡುಗಿ ಚೆಂಡು ಬಿಡುವ ಹೊತ್ತಿಗೆ ಸರಿಯಾಗಿ ಇವರ ಬಲಗೈ ಮಣಿಕಟ್ಟು ತಾನಾಗೇ ಮುಂದಕ್ಕೆ ಬಾಗುತ್ತಿತ್ತು. ಆಡುತ್ತಿದ್ದಿರಾ ಅಂತ ಕೇಳಿದೆ. ಅಣ್ಣಂದಿರ ಜೊತೆ ಹಿತ್ತಲಲ್ಲಿ ಅಂದರು. ಶಾಲೆಯಲ್ಲಿ? ಶಾಲೆಯಲ್ಲಿ ಹುಡುಗಿಯರಿಗೆ ಟೀಮೇ ಇರಲಿಲ್ಲವಂತೆ.

ಅದು ನನಗೆ ಅರ್ಥವಾಗಲು ಸ್ವಲ್ಪ ದಿನ ಹಿಡಿಯಿತು. ಇದು ಎಂಥಾ ರಾಜ್ಯ ಗೊತ್ತಾ? ನಿನ್ನ ಬೀದಿಯಲ್ಲೇ ನೋಡು, ಎಷ್ಟು ಮನೆ ಮುಂದೆ ಬ್ಯಾಸ್ಕೆಟ್‌ಬಾಲ್ ಕಂಬ ನಿಂತಿದೆ ಅಂತ. ಇಲ್ಲಿ ಹೈಸ್ಕೂಲು ಹುಡುಗರ ರಾಜ್ಯ ಟೂರ್ನಮೆಂಟ್ 1911ರಿಂದ ಇದೆ. ಹುಡುಗಿಯರಿಗೆ ಅದು ಬಂದಿದ್ದು 1976ರಲ್ಲಿ! ಅಷ್ಟರಲ್ಲಿ ನಮ್ಮ ಅಜ್ಜಿಗೆ ಮದುವೆಯಾಗಿ ಮಕ್ಕಳೂ ಆಗಿದ್ದರು. ನಡುವೆ 1972ರಲ್ಲಿ ಟೈಟಲ್ ನೈನ್ ಕಾನೂನು ಬಂತು. ಸರ್ಕಾರದ ದುಡ್ಡು ತೆಗೆದುಕೊಳ್ಳುವ ಶಾಲೆ ಕಾಲೇಜು ಹೆಣ್ಣು ಗಂಡು ಅಂತ ಭೇದ ಮಾಡುವಂತಿಲ್ಲ ಅಂತ. ಅದರಲ್ಲಿ ಆಟದ ಮಾತೇ ಇಲ್ಲ, ಆದರೂ ಎಲ್ಲಕ್ಕಿಂತ ಜಾಸ್ತಿ ಬದಲಾಗಿದ್ದು ಆಟದ ಮೈದಾನವೇ. ಸೆನೆಟ್‌ನಲ್ಲಿ ಅದಕ್ಕಾಗಿ ಓಡಾಡಿದ ಬರ್ಚ್ ಬೈ ಇಂಡಿಯಾನಾದವರೇ. ನಿನ್ನ ಪಕ್ಕದ ಮನೆಯಾಕೆಯ ವಯಸ್ಸು ನೀನು ಬರೆದಿಲ್ಲ. ಅರವತ್ತೈದು ದಾಟಿದ್ದರೆ, ಶಾಲೆಯಲ್ಲಿ ಏನು ಆಡುತ್ತಿದ್ದಿರಿ ಅಂತ ಕೇಳಿ ನೋಡು. ಬರೀ ಹವಾಮಾನದ ಮಾತು ಅಲ್ಲಿಗೆ ಮುಗಿದು ನಿಜವಾದ ಮಾತು ಶುರುವಾಗುತ್ತದೆ.

ಇನ್ನು ಟೂರ್ನಮೆಂಟು. ಬಿಗ್ ಟೆನ್ ಅಂದರೆ ವಿಶ್ವವಿದ್ಯಾಲಯಗಳ ಒಂದು ಗುಂಪು. ಹೆಸರಲ್ಲಿ ಹತ್ತು, ಇರುವುದು ಹದಿನೆಂಟು. ಲೆಕ್ಕ ಕೇಳಬೇಡ, ಇಲ್ಲಿಯವರೂ ನಗುತ್ತಾರೆ. 2024ರಿಂದ ಲಾಸ್ ಏಂಜಲೀಸ್‌ನ ಯುಸಿಎಲ್‌ಎ, ಯುಎಸ್‌ಸಿ ಕಾಲೇಜುಗಳೂ ಸೇರಿಕೊಂಡಿವೆ. ಚಳಿಗಾಲವೆಲ್ಲ ತಮ್ಮತಮ್ಮಲ್ಲೇ ಲೀಗ್ ಆಡಿ, ಮಾರ್ಚ್ ಮೊದಲ ವಾರ ಹೆಚ್ಚಾಗಿ ಇಲ್ಲಿ ಸೇರುತ್ತಾರೆ. 2025ರಲ್ಲಿ ಮೇಲಿನ 15 ತಂಡಕ್ಕೆ ಮಾತ್ರ ಪ್ರವೇಶ ಇತ್ತು. ಬುಧವಾರ ಕೆಳಗಿನ ಆರು ತಂಡ ಆಡುತ್ತವೆ, ನಡುವಿನವರು ಗುರುವಾರ ಇಳಿಯುತ್ತಾರೆ, ಲೀಗಿನಲ್ಲಿ ಮೊದಲ ನಾಲ್ಕು ಸ್ಥಾನ ಪಡೆದವರು ಶುಕ್ರವಾರ ಇಳಿದರೆ ಸಾಕು. ಸೋತರೆ ಅಲ್ಲಿಗೇ ಮನೆ. ಭಾನುವಾರ ಫೈನಲ್ ಗೆದ್ದವರಿಗೆ ದೇಶದ ದೊಡ್ಡ ಟೂರ್ನಮೆಂಟಿನ 68 ತಂಡಗಳಲ್ಲಿ ನೇರ ಜಾಗ. ಉಳಿದವರು ಆಯ್ಕೆ ಸಮಿತಿಯ ಬಾಯಿ ನೋಡಬೇಕು.

ಅದಕ್ಕೇ ಗುರುವಾರ ನನಗೆ ಇಷ್ಟ. ಫೈನಲ್ ಆಡುವವರಿಗೆ ಹೇಗೂ ಮುಂದೆ ಆಟ ಇರುತ್ತದೆ. ಗುರುವಾರ ಸೋತ ತಂಡದಲ್ಲಿ ಕೊನೆ ವರ್ಷದ ಹುಡುಗಿಯರು ಇರುತ್ತಾರಲ್ಲ, ಅವರಲ್ಲಿ ಎಷ್ಟೋ ಮಂದಿಗೆ ಅದೇ ಕೊನೆ ಆಟ. ಟೀ ಶರ್ಟಿನಲ್ಲಿ ಮುಖ ಮುಚ್ಚಿಕೊಂಡು ಬೆಂಚಿನಲ್ಲಿ ಕೂತಿರುತ್ತಾರೆ. ಮೂರು ಸಾಲು ಹಿಂದೆ ಅಪ್ಪ ಅಮ್ಮ. ಖಾಲಿ ಸೀಟು ಸಿಕ್ಕರೆ ಅಲ್ಲೇ ಹೋಗಿ ಕೂತುಕೋ. ಆಟ ಅರ್ಥವಾಗದಿದ್ದರೂ ಆ ಅಮ್ಮಂದಿರ ಮುಖ ನೋಡಿದರೆ ಸ್ಕೋರು ಗೊತ್ತಾಗುತ್ತದೆ.

ಹತ್ತು ನಿಮಿಷದ ನಾಲ್ಕು ಕ್ವಾರ್ಟರ್. ಕೊನೆಯ ಎರಡು ನಿಮಿಷ ಮಾತ್ರ ಕಾಲು ಗಂಟೆ ಎಳೆಯುತ್ತದೆ. ಸೋಲುತ್ತಿರುವವರು ಬೇಕಂತಲೇ ಫೌಲ್ ಮಾಡಿ ಗಡಿಯಾರ ನಿಲ್ಲಿಸುತ್ತಾರೆ. ಎದುರಿನವರು ಫ್ರೀ ಥ್ರೋ ತಪ್ಪಲಿ ಅನ್ನುವ ಆಸೆ. ಮೊದಲ ಸಲ ನಾನು ಎಂಥಾ ಮೋಸ ಅಂದಿದ್ದೆ. ಈಗ ನಾನೇ ಫೌಲ್ ಮಾಡು ಅಂತ ಕೂಗುತ್ತೇನೆ. ಒಂದು ಟಿಕೆಟ್ಟಿಗೆ ಸಾಮಾನ್ಯವಾಗಿ ಎರಡು ಆಟ. ಮೊದಲನೆಯದು ಮುಗಿದ ಕೂಡಲೇ ಎದ್ದು ಬಂದುಬಿಡಬೇಡ.

ಈಗ ಜನ ಜಾಸ್ತಿ. ಐಯೋವಾ ವಿಶ್ವವಿದ್ಯಾಲಯದ ತಂಡದಲ್ಲಿ ಆಡುತ್ತಿದ್ದ ಕೇಟ್ಲಿನ್ ಕ್ಲಾರ್ಕ್ ಹೆಸರು ಕೇಳಿರುತ್ತೀಯ. 2024ರಲ್ಲಿ ಮಿನಿಯಾಪೊಲಿಸ್‌ನಲ್ಲಿ ನಡೆದ ಫೈನಲ್‌ನಲ್ಲಿ ಮೊದಲರ್ಧ ಬರೀ 4 ಪಾಯಿಂಟ್, ಕೊನೆಗೆ 34. ಓವರ್‌ಟೈಮ್‌ನಲ್ಲಿ ನೆಬ್ರಾಸ್ಕಾ ಮೇಲೆ 94-89. ಆಮೇಲೆ ಇದೇ ಊರಿನ ಫೀವರ್ ಎಂಬ ವೃತ್ತಿಪರ ತಂಡ ಸೇರಿದಳು. ಈಗ ಅಂಗಡಿಯಲ್ಲಿ ಗಂಡುಮಕ್ಕಳೂ ಅವಳ 22 ನಂಬರಿನ ಅಂಗಿ ಹಾಕಿಕೊಂಡು ಓಡಾಡುತ್ತಾರೆ. 2025ರ ಫೈನಲ್‌ಗೆ ನಾನು ಹೋಗಿದ್ದೆ. ಅವತ್ತೇ, ಬೇಸಿಗೆ ಸಮಯಕ್ಕೆ ಅಂತ ಇಲ್ಲಿ ವರ್ಷಕ್ಕೊಮ್ಮೆ ಗಡಿಯಾರ ಒಂದು ಗಂಟೆ ಮುಂದಕ್ಕೆ ತಿರುಗಿಸುವ ಭಾನುವಾರ, ಇನ್ನೇನು ತಪ್ಪಿಯೇ ಹೋಗುತ್ತಿತ್ತು. ಯುಸಿಎಲ್‌ಎ ಅಲ್ಲಿಯವರೆಗೆ ಇಡೀ ವರ್ಷದಲ್ಲಿ ಎರಡೇ ಆಟ ಸೋತಿತ್ತು, ಎರಡೂ ಯುಎಸ್‌ಸಿ ಎದುರು. ಅವತ್ತು ಅದೇ ಯುಎಸ್‌ಸಿಯನ್ನು 72-67ರಲ್ಲಿ ಸೋಲಿಸಿತು. ಗೆದ್ದವರು ಏಣಿ ಹತ್ತಿ ಕತ್ತರಿಯಿಂದ ಬಾಸ್ಕೆಟ್‌ನ ಬಲೆ ಕತ್ತರಿಸಿಕೊಂಡರು. ಅದೂ ಇಂಡಿಯಾನಾ ಹೈಸ್ಕೂಲುಗಳ ಪದ್ಧತಿಯಂತೆ. ಇಲ್ಲಿಂದ ಹೋದ ಎವರೆಟ್ ಕೇಸ್ ಎಂಬ ಕೋಚ್ 1947ರಲ್ಲಿ ನಾರ್ತ್ ಕ್ಯಾರೊಲೈನಾದಲ್ಲಿ ಶುರು ಮಾಡಿ ಕಾಲೇಜುಗಳಿಗೆ ಹಬ್ಬಿಸಿದರು.

ಜಾಕೆಟ್ ಒಳಗೆ ತೆಳ್ಳಗಿನದು ಹಾಕಿಕೋ, ಒಳಗೆ ಬೆವರುತ್ತದೆ. ಬ್ಯಾಂಡಿನ ಸದ್ದು ಕಿವಿಗೆ ಬಡಿಯುತ್ತದೆ, ಆದಷ್ಟು ಅದರಿಂದ ದೂರ ಕೂತುಕೋ. ನಮಗೆ ತಿನ್ನಲು ಪಾಪ್‌ಕಾರ್ನ್, ಪ್ರೆಟ್ಜೆಲ್, ನಾಚೋಸ್ ಸಿಗುತ್ತವೆ. ದುಡ್ಡನ್ನು ರೂಪಾಯಿಗೆ ತಿರುಗಿಸಿ ನೋಡಬೇಡ, ಗಂಟಲಲ್ಲಿ ಇಳಿಯುವುದಿಲ್ಲ. ಹೊರಗಿನ ತಿಂಡಿ ಬಿಡುವುದಿಲ್ಲ. ನಾನು ಮೊದಲ ಸಲ ಡಬ್ಬದ ತುಂಬಾ ಚಕ್ಕುಲಿ ಒಯ್ದಿದ್ದೆ. ಬಾಗಿಲಲ್ಲೇ ತಡೆದರು. ಎಸೆಯೋಕೆ ಮನಸ್ಸು ಬರಲಿಲ್ಲ. ಅಜ್ಜಿ, ನಾನು ಆ ಚಳಿಯಲ್ಲಿ ಗೋಡೆಗೆ ಒರಗಿ ನಿಂತು ಅಷ್ಟೂ ತಿಂದೆವು. ಆಟದ ಮೊದಲ ಹತ್ತು ನಿಮಿಷ ತಪ್ಪಿಹೋಯಿತು. ಆ ಹತ್ತು ನಿಮಿಷಕ್ಕೆ ಅಜ್ಜಿಯ ಹಾಳೆಯಲ್ಲಿ ಗೆರೆ ಇಲ್ಲ, ಎಣ್ಣೆಯ ಕಲೆ ಇತ್ತು.

ನೀನು ಡಬ್ಬ ಕಾರಿನಲ್ಲೇ ಬಿಡು. ವಾಪಸ್ ಬರುವಾಗ ಆಕೆಗೆ ಕೊಡು.