ಮೂರು ಮೂಟೆಯೋ, ನಾಲ್ಕು ಮೂಟೆಯೋ? ಗುಡ್ಡದ ದಾರಿಗೆ ಬೈಕ್ ಆರಿಸುವ ಮುನ್ನ

ಪ್ರಶ್ನೆ: ನನಗೆ 34 ವರ್ಷ, ಹಾಸನದಲ್ಲಿ ಬ್ಯಾಂಕ್ ಕೆಲಸ. ಎತ್ತರ 5 ಅಡಿ 5 ಅಂಗುಲ, ತೂಕ 64 ಕೆ.ಜಿ. ಹತ್ತು ವರ್ಷದಿಂದ 150 ಸಿಸಿ ಬೈಕ್ ಓಡಿಸುತ್ತಿದ್ದೇನೆ. ಗೆಳೆಯರ ಜತೆ ಸಕಲೇಶಪುರದ ಕಡೆ ಎಸ್ಟೇಟ್ ದಾರಿಗಳಲ್ಲಿ ಎರಡು ದಿನ ಸುತ್ತಿ ಬಂದ ಮೇಲೆ ಇದರ ಹುಚ್ಚು ಹಿಡಿದಿದೆ. ಎರಡೂವರೆ ಲಕ್ಷದವರೆಗೆ ಹಾಕಬಲ್ಲೆ, ಸಾಲ ಮಾಡಿದರೆ ಇನ್ನೂ ಸ್ವಲ್ಪ. ‘ತಗೊಂಡ್ರೆ 450 ಸಿಸಿನೇ ತಗೋ, ಆಮೇಲೆ ಬೇಜಾರಾಗಬೇಡ’ ಅಂತ ಎಲ್ಲರೂ ಹೇಳುತ್ತಾರೆ. ಕಚೇರಿಗೂ ಅದೇ ಬೈಕಲ್ಲಿ ಹೋಗುವ ಯೋಚನೆ. ಯಾವುದು ಸರಿ?

ಉತ್ತರ: ಸಿಸಿಯ ಮಾತು ಆಮೇಲೆ. ಜಾರುವ ಏರಿನಲ್ಲಿ, ಹತ್ತಿರ ಯಾರೂ ಇಲ್ಲದಾಗ, ಬಿದ್ದ ಬೈಕನ್ನು ನೀವೊಬ್ಬರೇ ಎಷ್ಟು ಸಲ ಎತ್ತಿ ನಿಲ್ಲಿಸಬಲ್ಲಿರಿ? ಮೊದಲು ಇದಕ್ಕೆ ಉತ್ತರ ಕಂಡುಕೊಳ್ಳಿ.

ನೀವು ಕಾಫಿ ಸೀಮೆಯವರು. ಒಂದು ಮೂಟೆ ಕಾಫಿ ಅಂದರೆ 50 ಕೆ.ಜಿ. ನಿಮ್ಮ ಗೆಳೆಯರು ಹೇಳುವ 450 ಸಿಸಿಯ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಪೆಟ್ರೋಲ್ ಸಮೇತ 196 ಕೆ.ಜಿ., ಹೆಚ್ಚುಕಡಿಮೆ ನಾಲ್ಕು ಮೂಟೆ. ಹೀರೋ ಎಕ್ಸ್‌ಪಲ್ಸ್ 200 4ವಿ ಸುಮಾರು 160 ಕೆ.ಜಿ., ಮೂರು ಮೂಟೆ ಚಿಲ್ಲರೆ. ಕವಾಸಾಕಿ ಕೆಎಲ್‌ಎಕ್ಸ್ 230 ಸುಮಾರು 140 ಕೆ.ಜಿ., ಮೂರು ಮೂಟೆಗಿಂತಲೂ ಕಡಿಮೆ. ಟಾರು ರಸ್ತೆಯಲ್ಲಿ ಚಕ್ರವೇ ಭಾರ ಹೊರುತ್ತದೆ, ಹಾಗಾಗಿ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಗುಡ್ಡದಲ್ಲಿ ಹೊರುವವರು ನೀವು.

ಬೈಕ್ ಎತ್ತುವುದು ಹೇಗಿರುತ್ತದೆ ಅಂತ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಷೋರೂಮಿನಲ್ಲಿ ಯಾರೂ ಇದನ್ನು ಹೇಳುವುದಿಲ್ಲ. ಮಳೆ ಬಿದ್ದ ಕೆಮ್ಮಣ್ಣಿನ ಏರು ಅಂತಿಟ್ಟುಕೊಳ್ಳಿ. ಮುಂದಿನ ಚಕ್ರ ಬೇರಿನ ಮೇಲೆ ಜಾರಿತು, ಬೈಕ್ ಇಳಿಜಾರಿನ ಕಡೆಗೆ ಮಲಗಿತು. ಮೊದಲು ಎಂಜಿನ್ ಆಫ್ ಮಾಡುವ ಕಿಲ್ ಸ್ವಿಚ್ ಒತ್ತಬೇಕು. ಬೈಕ್ ಇಳಿಜಾರಿನ ಕಡೆಗೇ ಬಿದ್ದಿದ್ದರೆ ಹಾಗೇ ಎತ್ತಲು ಹೋಗಬೇಡಿ, ಸೊಂಟ ಹಿಡಿದುಕೊಳ್ಳುತ್ತದೆ. ಹಿಂದಿನ ಚಕ್ರ ಹಿಡಿದು ಎಳೆದು, ಎರಡೂ ಚಕ್ರ ಕೆಳಗಡೆ ಬರುವಂತೆ ಬೈಕನ್ನು ನೆಲದ ಮೇಲೇ ತಿರುಗಿಸಿಕೊಳ್ಳಬೇಕು. ಉರುಳದಂತೆ ಒಂದನೇ ಗೇರ್‌ಗೆ ಹಾಕಿ, ಬೆನ್ನನ್ನು ಸೀಟಿಗೆ ಆನಿಸಿ, ಮಂಡಿ ಮಡಿಸಿ, ಕಾಲಿನ ಬಲದಿಂದ ಹಿಂದಕ್ಕೆ ನಡೆಯುತ್ತ ಎತ್ತಬೇಕು. ಬೂಟಿನಡಿ ನೆಲ ಜಾರುತ್ತಿರುತ್ತದೆ, ಹೆಲ್ಮೆಟ್ಟಿನೊಳಗೆ ಬೆವರು ಕಣ್ಣಿಗಿಳಿಯುತ್ತದೆ, ಕಾಲ್ಚೀಲದ ಮೇಲೆ ಆಗಲೇ ಎರಡು ಇಂಬಳ ಹತ್ತಿರುತ್ತವೆ. 140 ಕೆ.ಜಿ. ಬೈಕನ್ನು ಹೀಗೆ ಬೆಳಗಿನಿಂದ ಸಂಜೆಯೊಳಗೆ ಏಳೆಂಟು ಸಲ ಎತ್ತಬಹುದು. 196 ಕೆ.ಜಿ.ಯದ್ದಾದರೆ ಮೂರನೆಯ ಸಲಕ್ಕೆ ಕೈ ನಡುಗಲು ಶುರು. ಕೈ ಸೋತವರು ಕ್ಲಚ್ ಸರಿಯಾಗಿ ಹಿಡಿಯಲಾರರು, ಆದ್ದರಿಂದ ಮತ್ತೆ ಬೀಳುತ್ತಾರೆ. ಹೊಸಬರು ಮಧ್ಯಾಹ್ನ ಮೂರರ ಮೇಲೆ ಕೈಕಾಲು ಮುರಿದುಕೊಂಡದ್ದನ್ನೇ ನಾನು ಹೆಚ್ಚು ನೋಡಿದ್ದೇನೆ. ವೇಗದಿಂದ ಮುರಿದುಕೊಂಡವರು ಕಡಿಮೆ, ದಣಿವಿನಿಂದ ಮುರಿದುಕೊಂಡವರೇ ಜಾಸ್ತಿ.

ಶಕ್ತಿ ಸಾಕಾಗುವುದಿಲ್ಲ ಅನ್ನುವ ಭಯ ಬಿಡಿ. ಬೇರು, ಬಂಡೆ, ಕೊರಕಲು ಇರುವ ದಾರಿಯಲ್ಲಿ ನಿಮ್ಮ ವೇಗ ಗಂಟೆಗೆ 15–20 ಕಿ.ಮೀ. ದಾಟುವುದೇ ಅಪರೂಪ. ಅಲ್ಲಿ ಬೇಕಾಗಿರುವುದು ಒಂದನೇ, ಎರಡನೇ ಗೇರಿನಲ್ಲಿ ನಿಧಾನಕ್ಕೆ ಎಳೆಯುವ ಗುಣ. ಎಕ್ಸ್‌ಪಲ್ಸಿನ ಸುಮಾರು 19 ಹಾರ್ಸ್‌ಪವರ್ ಅದಕ್ಕೆ ಧಾರಾಳ. ಏರು ಹತ್ತುವಾಗ ಎಳೆತ ಕಡಿಮೆ ಅನ್ನಿಸಿದರೆ ಹಿಂದಿನ ಸ್ಪ್ರಾಕೆಟ್ಟಿಗೆ (ಚೈನ್ ಕೂರುವ ಹಲ್ಲುಚಕ್ರ) ಎರಡು ಹಲ್ಲು ಹೆಚ್ಚಿಸಿ, ಕೆಲವು ಸಾವಿರದೊಳಗೆ ಕೆಲಸ ಮುಗಿಯುತ್ತದೆ.

ತೂಕದ ನಂತರ ನೋಡಬೇಕಾದದ್ದು ಚಕ್ರ. ಮುಂದೆ 21 ಇಂಚು, ಹಿಂದೆ 18 ಇಂಚು, ಎರಡೂ ಕಡ್ಡಿ ಚಕ್ರ ಇರಲಿ. ದೊಡ್ಡ ಚಕ್ರ ಗುಂಡಿಗೆ ಇಳಿಯುವ ಬದಲು ಅದರ ಮೇಲೆ ಉರುಳಿ ಹೋಗುತ್ತದೆ. ಕಲ್ಲಿಗೆ ಬಡಿದರೆ ಕಡ್ಡಿ ಚಕ್ರ ಸೊಟ್ಟಗಾಗುತ್ತದೆ, ತಟ್ಟಿ ಸರಿಮಾಡಿಕೊಂಡು ಮನೆ ಸೇರಬಹುದು. ಅಲಾಯ್ ಚಕ್ರ ಬಿರುಕು ಬಿಟ್ಟರೆ ಗೂಡ್ಸ್ ಆಟೋಗೆ ಫೋನ್ ಮಾಡಬೇಕು, ಅಲ್ಲಿ ಸಿಗ್ನಲ್ ಇರುವುದಿಲ್ಲ. ಬ್ಯಾಗಿನಲ್ಲಿ ಒಂದು 21 ಇಂಚಿನ ಟ್ಯೂಬ್ ಇದ್ದರೆ ಸಾಕು, ಕಷ್ಟಕಾಲಕ್ಕೆ ಅದನ್ನೇ ಹಿಂದಿನ ಚಕ್ರಕ್ಕೂ ಹಾಕಿಕೊಳ್ಳಬಹುದು.

ಈಗ ನೇರ ಸಲಹೆಗೆ ಬರುತ್ತೇನೆ. ಹಳೆಯ 150 ಸಿಸಿ ಬೈಕನ್ನು ಕಚೇರಿಗೆ ಉಳಿಸಿಕೊಳ್ಳುವುದಾದರೆ ಕೆಎಲ್‌ಎಕ್ಸ್ 230 ನೋಡಿ. 2024ರ ಡಿಸೆಂಬರ್‌ನಲ್ಲಿ 3.30 ಲಕ್ಷಕ್ಕೆ ಬಂದಾಗ ನಾನೇ ಯಾರಿಗೂ ಹೇಳುತ್ತಿರಲಿಲ್ಲ. ಆಮೇಲೆ ಬೆಲೆ ಇಳಿಯಿತು. ನಿಜವಾದ ಟ್ರೇಲ್ ಬೈಕ್ (ಕಾಡುಗುಡ್ಡದ ಕಚ್ಚಾ ದಾರಿಯ ಬೈಕ್) ಅದು: ಹಗುರ, ತೆಳ್ಳಗಿನ ಮೈ, ಗಾಳಿಯಿಂದಲೇ ತಣಿಯುವ ಸರಳ ಎಂಜಿನ್. ಸೀಟು ಮಾತ್ರ ಎತ್ತರ, ಸುಮಾರು 880 ಮಿ.ಮೀ. ಟ್ಯಾಂಕ್ 7.6 ಲೀಟರ್, ಅಂದರೆ ಬಂಕಿನ ಲೆಕ್ಕ ತಲೆಯಲ್ಲಿರಬೇಕು.

ಒಂದೇ ಬೈಕ್ ಎರಡೂ ಕೆಲಸಕ್ಕೆ ಆಗಬೇಕೆಂದರೆ ಎಕ್ಸ್‌ಪಲ್ಸ್. 200 4ವಿ ಆದರೆ ಸೀಟ್ 825 ಮಿ.ಮೀ., ಟ್ಯಾಂಕ್ 13 ಲೀಟರ್. 2025ರಲ್ಲಿ ಬಂದ 210ರ ಶಕ್ತಿ 24.6 ಪಿಎಸ್ (ಹೆಚ್ಚುಕಡಿಮೆ ಅಷ್ಟೇ ಹಾರ್ಸ್‌ಪವರ್), ಸಸ್ಪೆನ್ಷನ್ನೂ ಉದ್ದ, ತೂಕ ಮಾತ್ರ 168 ಕೆ.ಜಿ.ಗೆ ಏರಿದೆ. ಬಿಡಿಭಾಗ ಹಾಸನದಲ್ಲೇ ಸಿಗುವುದು ದೊಡ್ಡ ಅನುಕೂಲ. ಬಿದ್ದಾಗಲೆಲ್ಲ ಮುರಿಯುವುದು ಕ್ಲಚ್ ಲಿವರ್, ಅದಕ್ಕಾಗಿ ವಾರಗಟ್ಟಲೆ ಕಾಯುವಂತಿರಬಾರದು. ನಿಮ್ಮ ಜಾಗದಲ್ಲಿ ನಾನಿದ್ದರೆ ಎರಡು ಮೂರು ವರ್ಷ ಓಡಿದ 200 4ವಿಯನ್ನು ಸೆಕೆಂಡ್ ಹ್ಯಾಂಡಲ್ಲಿ ಕೊಳ್ಳುತ್ತಿದ್ದೆ. ನೋಡಲು ಹೋದಾಗ ಮುಂದಿನ ಚಕ್ರ ಹಿಡಿದ ಎರಡು ಕೊಳವೆಗಳ (ಫೋರ್ಕ್) ಸೀಲಿನ ಸುತ್ತ ಬೆರಳಾಡಿಸಿ; ಎಣ್ಣೆ ಜಿಡ್ಡು ಹತ್ತಿದರೆ ಸೀಲ್ ಹೋಗಿದೆ. ಚಕ್ರ ತಿರುಗಿಸಿ ಸೊಟ್ಟ ನೋಡಿ. ಮುಂದಿನ ಚಕ್ರ ಮೇಲೆತ್ತಿ ಹ್ಯಾಂಡಲ್ ಆಚೀಚೆ ತಿರುಗಿಸಿ, ನಡುವೆ ಎಲ್ಲಾದರೂ ಕಟ್ಟಿದಂತಾದರೆ ಬೇರಿಂಗ್ ಸವೆದಿದೆ. ಎಂಜಿನ್ ಕೆಳಗಿನ ತಗಡಿನಲ್ಲಿ ಗೀರು, ತಗ್ಗು ಇರುವುದು ಸಹಜ. ಆ ತಗಡೇ ಇಲ್ಲದಿದ್ದರೆ ಅನುಮಾನಪಡಿ.

ಸಾಲ ಮಾಡಿ 450ಕ್ಕೆ ಹೋಗಬೇಡಿ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿಗಿಂತ ಮೇಲಿನ ಬೈಕುಗಳಿಗೆ ಜಿಎಸ್‌ಟಿ 40 ಶೇಕಡ, 350ರವರೆಗಿನವಕ್ಕೆ 18. ಹಿಮಾಲಯನ್ ಒಳ್ಳೆಯ ಬೈಕು, ಸ್ಪಿತಿ, ಲಡಾಖ್ ಕಡೆ ಸಾಮಾನು ಕಟ್ಟಿಕೊಂಡು ಹೋಗುವವರಿಗೆ ನಾನೇ ಹೇಳುತ್ತೇನೆ. ನೀವು ಕೇಳಿದ್ದು ಹೆತ್ತೂರು ಕಡೆಯ ಎಸ್ಟೇಟ್ ದಾರಿಗೆ.

ಉಳಿದ ದುಡ್ಡಲ್ಲಿ 30–40 ಸಾವಿರ ಮೈಮೇಲಿನದಕ್ಕೆ ಅಂತ ಮೊದಲೇ ಎತ್ತಿಡಿ. ಅದರಲ್ಲೂ ಮೊದಲು ಬೂಟು. ಬೈಕ್ ಬೀಳುವಾಗ ಕಾಲು ಅದರಡಿ ಸಿಕ್ಕಿಕೊಳ್ಳುತ್ತದೆ, ತಿರುಚುವುದು ಪಾದದ ಗಂಟು. ಮೊಣಕಾಲುದ್ದದ ಗಟ್ಟಿ ಬೂಟು ಹಾಕಿದ್ದರೆ ಎದ್ದು ಮಣ್ಣು ಕೊಡವಿಕೊಂಡು ಹೊರಡುತ್ತೀರಿ.

ಇನ್ನೊಂದು ವಿಷಯ, ದಯವಿಟ್ಟು ಗಮನವಿಟ್ಟು ಓದಿ. ಎಸ್ಟೇಟ್ ದಾರಿ ಖಾಸಗಿ ಜಾಗ, ತೋಟದವರನ್ನು ಕೇಳದೆ ಒಳಗೆ ಹೋಗಬಾರದು. ಬಿಸಿಲೆ ಕಡೆಯ ರಕ್ಷಿತಾರಣ್ಯದೊಳಗೆ ಅನುಮತಿಯಿಲ್ಲದೆ ಬೈಕ್ ನುಗ್ಗಿಸುವುದು ಅಪರಾಧ. ಗುಡ್ಡದ ನೆತ್ತಿಯ ಹುಲ್ಲುಗಾವಲು ನೋಡಲು ಮೈದಾನದ ಹಾಗಿರುತ್ತದೆ. ಆದರೆ ಒಂದು ಚಕ್ರದ ಗೆರೆ ಮೇಲಿಂದ ಕೆಳಕ್ಕೆ ಬಿದ್ದರೆ ಮಳೆಗಾಲದ ನೀರು ಅದನ್ನೇ ದಾರಿ ಮಾಡಿಕೊಂಡು ಮಣ್ಣು ಕೊಚ್ಚುತ್ತದೆ, ಎರಡು ಮಳೆಗಾಲದಲ್ಲಿ ಗೆರೆ ಕೊರಕಲಾಗುತ್ತದೆ. ಈಗಾಗಲೇ ಜೀಪು, ಟ್ರ್ಯಾಕ್ಟರ್ ಓಡಾಡುವ ಬಂಡಿದಾರಿಯಲ್ಲೇ ಹೋಗಿ. ಹುಲ್ಲಿನ ಮೇಲೆ ಹೊಸ ದಾರಿ ಬೀಳಿಸಬೇಡಿ.

ಪ್ರಶ್ನೆ: ನಾನು ಮೈಸೂರಿನ ಎಂಜಿನಿಯರಿಂಗ್ ವಿದ್ಯಾರ್ಥಿನಿ, ಎತ್ತರ 5 ಅಡಿ 2 ಅಂಗುಲ. ಎಕ್ಸ್‌ಪಲ್ಸ್ ಮೇಲೆ ಕೂತರೆ ಎರಡೂ ಕಡೆ ಬೆರಳ ತುದಿ ಮಾತ್ರ ಮುಟ್ಟುತ್ತದೆ. ‘ನಿನಗಾಗಲ್ಲ, ಸ್ಕೂಟರ್ ತಗೋ’ ಅಂತ ಅಣ್ಣ ನಗುತ್ತಾನೆ. ಬೈಕ್ ತಗ್ಗಿಸಿಕೊಳ್ಳಬಹುದೇ?

ಉತ್ತರ: ನಿಮಗಾಗುತ್ತದೆ. ಎರಡೂ ಕಾಲು ನೆಲಕ್ಕೆ ಊರಲೇಬೇಕು ಅನ್ನುವುದು ಪೇಟೆಯ ಸಿಗ್ನಲ್ಲಿನ ಅಭ್ಯಾಸ. ಗುಡ್ಡದಲ್ಲಿ ಒಂದೇ ಕಾಲು ಸಾಕು. ನಿಲ್ಲುವ ಮುಂಚೆ ಸೊಂಟವನ್ನು ಎಡಕ್ಕೆ ಜಾರಿಸಿ, ಒಂದು ತೊಡೆ ಮಾತ್ರ ಸೀಟಿನ ಮೇಲಿರಲಿ. ಎಡ ಪಾದ ಪೂರ್ತಿ ನೆಲಕ್ಕೆ ಬರುತ್ತದೆ. ಬಲಗಾಲು ಹಿಂದಿನ ಬ್ರೇಕಿನ ಮೇಲೇ ಇರುತ್ತದೆ, ಏರಿನಲ್ಲಿ ಬೇಕಾದದ್ದೂ ಅದೇ. ನಿಲ್ಲುವ ಜಾಗವನ್ನೂ ಆರಿಸಿಕೊಳ್ಳಿ: ಎಡಗಡೆ ಕಲ್ಲೋ ದಿಬ್ಬವೋ ಇರುವಲ್ಲಿ ನಿಲ್ಲಿಸಿದರೆ ನಿಮ್ಮ ಎತ್ತರಕ್ಕೆ ಎರಡು ಅಂಗುಲ ಸೇರಿದ ಹಾಗೆ. ಎತ್ತರದ ಹುಡುಗರಿಗೂ ನಾನು ಇದನ್ನೇ ಹೇಳಿಕೊಡುವುದು.

ಬೈಕ್ ತಗ್ಗಿಸುವುದಾದರೆ ಹಿಂದಿನ ಸ್ಪ್ರಿಂಗಿನಿಂದ ಶುರು ಮಾಡಿ. ಸವಾರ ಕೂತಾಗ ಹಿಂಭಾಗ ಸಸ್ಪೆನ್ಷನ್ ಚಲನೆಯ ಮೂರನೇ ಒಂದು ಭಾಗದಷ್ಟು ಇಳಿಯಬೇಕು. ನಿಮ್ಮ ತೂಕ ಕಡಿಮೆ ಇದ್ದರೆ ಸ್ಪ್ರಿಂಗ್ ಅಷ್ಟು ಇಳಿಯುತ್ತಲೇ ಇಲ್ಲ, ಅದಕ್ಕೇ ಬೈಕ್ ಇನ್ನೂ ಎತ್ತರ ಅನ್ನಿಸುತ್ತದೆ. ಪ್ರೀಲೋಡ್ (ಸ್ಪ್ರಿಂಗಿಗೆ ಮೊದಲೇ ಕೊಟ್ಟ ಬಿಗಿ) ಸಡಿಲಿಸಿದರೆ ಅಷ್ಟಿಷ್ಟು ಇಳಿಯುತ್ತದೆ, ಖರ್ಚಿಲ್ಲ. ಆಮೇಲೆ ಸೀಟಿನ ಫೋಮ್. ಸೀಟ್ ಹೊಲಿಯುವವರ ಬಳಿ ಒಂದು ಅಂಗುಲ ತೆಗೆಸಿ, ಜತೆಗೆ ಮುಂಭಾಗದ ಎರಡೂ ಅಂಚು ಸವರಿಸಿ. ತೊಡೆ ಅಗಲವಾಗುವುದು ತಪ್ಪಿದರೆ ಕಾಲು ಇನ್ನಷ್ಟು ಕೆಳಗಿಳಿಯುತ್ತದೆ. ಹಿಂದಿನ ಸಸ್ಪೆನ್ಷನ್ನಿನ ಜೋಡಣೆಯ ಲಿಂಕ್ ಬದಲಿಸಿ ಇಡೀ ಬೈಕನ್ನೇ ತಗ್ಗಿಸುವುದು ಮಾತ್ರ ಬೇಡ. ಈಗಿರುವ 220 ಮಿ.ಮೀ. ನೆಲದಂತರದಲ್ಲಿ (ಬೈಕಿನ ಹೊಟ್ಟೆಗೂ ನೆಲಕ್ಕೂ ನಡುವಿನ ಜಾಗ) ಸ್ವಲ್ಪ ಕಳೆದುಕೊಂಡರೂ ಎಂಜಿನ್ನಿನ ಹೊಟ್ಟೆ ಪ್ರತಿ ಕಲ್ಲಿಗೂ ಬಡಿಯುತ್ತದೆ. ಎಕ್ಸ್‌ಪಲ್ಸಿನ ಪ್ರೊ ಆವೃತ್ತಿಯ ಸೀಟ್ 891 ಮಿ.ಮೀ., ಅದರ ತಂಟೆಗೆ ಈಗಲೇ ಹೋಗಬೇಡಿ.

ಕೊಳ್ಳುವ ಮುಂಚೆ ಒಂದು ದಿನ ತರಬೇತಿಗೆ ಹೋಗಿ ಬನ್ನಿ. 2015ರಲ್ಲಿ, ಮರಳುಗಾಡು ದಾಟುವ ಡಕಾರ್ ರ‍್ಯಾಲಿ ಮುಗಿಸಿದ ಮೊದಲ ಭಾರತೀಯ, ಬೆಂಗಳೂರಿನ ಸಿ.ಎಸ್. ಸಂತೋಷ್ ಕಟ್ಟಿದ ಡರ್ಟ್ ಪಾರ್ಕ್ ಕೋಲಾರದ ಬಳಿ ಇದೆ. ಅಂಥ ಕಡೆ ಬಿದ್ದು ಎದ್ದು ಕಲಿತರೆ ನಿಮ್ಮ ಕಾಲಿಗೆ ಯಾವ ಎತ್ತರ ಒಗ್ಗುತ್ತದೆ ಅಂತ ಒಂದೇ ದಿನದಲ್ಲಿ ಗೊತ್ತಾಗುತ್ತದೆ. ಅಣ್ಣನಿಗೆ ಇದನ್ನೂ ಹೇಳಿ: ಮೋಟಾರ್‌ಸ್ಪೋರ್ಟ್‌ನಲ್ಲಿ ಭಾರತಕ್ಕೆ ಮೊದಲ ಎಫ್‌ಐಎಂ (ಅಂತರರಾಷ್ಟ್ರೀಯ ಮೋಟಾರ್‌ಸೈಕಲ್ ಒಕ್ಕೂಟ) ವಿಶ್ವಕಪ್ ತಂದವರು ಬೆಂಗಳೂರಿನ ಹುಡುಗಿ ಐಶ್ವರ್ಯಾ ಪಿಸ್ಸೆ, 2019ರ ಬಾಹಾ (ಮರಳುಗಾಡು, ಕಚ್ಚಾ ದಾರಿಯ ರೇಸ್) ಮಹಿಳಾ ವಿಭಾಗದಲ್ಲಿ.

ಪ್ರಶ್ನೆ: ಬೆಂಗಳೂರಿನಲ್ಲಿ ಪರಿಚಯದವರೊಬ್ಬರು ಹಳೆಯ 250 ಸಿಸಿ ಮೋಟೋಕ್ರಾಸ್ ಬೈಕ್ ಮಾರುತ್ತಿದ್ದಾರೆ. ಆರ್‌ಸಿ ಇಲ್ಲ, ‘ತೋಟದೊಳಗೆ ಓಡಿಸೋಕೆ ಯಾಕೆ ಆರ್‌ಸಿ’ ಅನ್ನುತ್ತಾರೆ. ಬೆಲೆ ಕಡಿಮೆಯೇ ಇದೆ. ತೆಗೆದುಕೊಳ್ಳಲೇ?

ಉತ್ತರ: ಬೇಡ. ಮೋಟೋಕ್ರಾಸ್ ಬೈಕ್ ಇರುವುದು ಟ್ರ್ಯಾಕಿನಲ್ಲಿ ಅರ್ಧ ಗಂಟೆ ಜಿಗಿದು ಹಾರಲು. ಅದರ ಸಸ್ಪೆನ್ಷನ್ ಜಿಗಿತಕ್ಕಾಗಿ ಬಿಗಿಯಾಗಿರುತ್ತದೆ, ನಿಧಾನಕ್ಕೆ ಕಲ್ಲಿನ ಮೇಲೆ ಹೋದರೆ ಹ್ಯಾಂಡಲ್ ಕೈಯನ್ನು ಕುಟ್ಟುತ್ತದೆ. ರೇಡಿಯೇಟರಿಗೆ ಸಾಮಾನ್ಯವಾಗಿ ಫ್ಯಾನ್ ಇರುವುದಿಲ್ಲ, ಒಂದನೇ ಗೇರಿನಲ್ಲಿ ಏರು ಹತ್ತುತ್ತ ಹಾಫ್ ಕ್ಲಚ್ ಹಿಡಿದರೆ ನೀರು ಕುದಿಯುತ್ತದೆ. ಹೆಡ್‌ಲೈಟ್ ಇಲ್ಲ, ಸೈಡ್ ಸ್ಟ್ಯಾಂಡ್ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅದರ ಸರ್ವಿಸನ್ನು ಕಿಲೋಮೀಟರಲ್ಲಿ ಅಳೆಯುವುದಿಲ್ಲ, ಗಂಟೆಗಳಲ್ಲಿ ಅಳೆಯುತ್ತಾರೆ. ಕೆಲವು ಗಂಟೆಗಳಿಗೊಮ್ಮೆ ಎಣ್ಣೆ, ಹತ್ತಾರು ಗಂಟೆಗಳಿಗೊಮ್ಮೆ ಪಿಸ್ಟನ್ ಬದಲಿಸಬೇಕು. ಮಾರುವವರಿಗೆ ಆ ಲೆಕ್ಕ ಗೊತ್ತಿಲ್ಲದಿದ್ದರೆ ನೀವು ಕೊಳ್ಳುತ್ತಿರುವುದು ಕಡಿಮೆ ಬೆಲೆಯ ಬೈಕನ್ನಲ್ಲ, ಮುಂದಿನ ಎಂಜಿನ್ ಕೆಲಸವನ್ನು.

ತೋಟದಿಂದ ತೋಟಕ್ಕೆ ಹೋಗಬೇಕಾದರೂ ನಡುವೆ ಊರ ರಸ್ತೆ ದಾಟಬೇಕು. ನೋಂದಣಿ ಇಲ್ಲದ ಗಾಡಿಗೆ ವಿಮೆಯೂ ಇಲ್ಲ; ದನ ಅಟ್ಟಿಕೊಂಡು ಬರುವ ಅಜ್ಜನಿಗೆ ಏನಾದರೂ ಆದರೆ ಪರಿಹಾರ ನಿಮ್ಮ ಕೈಯಿಂದಲೇ. ಕಸ್ಟಮ್ಸ್ ಕಾಗದ ಕೂಡ ಇಲ್ಲದ ಆಮದು ಬೈಕಾಗಿದ್ದರೆ ಮುಟ್ಟಲೂ ಬೇಡಿ.

ಪ್ರಶ್ನೆ: ಅಪ್ಪನ ಯೆಜ್ಡಿ ರೋಡ್‌ಕಿಂಗ್ ಮನೆಯಲ್ಲಿದೆ, ಓಡುವ ಸ್ಥಿತಿಯಲ್ಲಿದೆ. ಗಂಟು ಟೈರ್ ಹಾಕಿಸಿ ಟ್ರೇಲ್ ಬೈಕ್ ಮಾಡಿಸಬಹುದಾ? — ದಾವಣಗೆರೆ

ಉತ್ತರ: ಮಾಡಿಸಬೇಡಿ. ಆ ಬೈಕ್ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದದ್ದು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಬಿಡಿಭಾಗ ದಿನೇದಿನೇ ಅಪರೂಪವಾಗುತ್ತಿದೆ. ಒಂದೇ ಲಿವರನ್ನು ಕಿಕ್ ಹೊಡೆಯಲೂ ಗೇರ್ ಹಾಕಲೂ ಬಳಸುವ ಗಾಡಿಯನ್ನು ಇಳಿಜಾರಿನಲ್ಲಿ ಆಫ್ ಆದಾಗ ಮತ್ತೆ ಚಾಲೂ ಮಾಡುವುದು ಹೊಸಬರಿಗೆ ಕಷ್ಟ. ಟೂ ಸ್ಟ್ರೋಕ್ ಎಂಜಿನ್ನಿಗೆ ಎಂಜಿನ್ ಬ್ರೇಕಿಂಗ್ ಹೆಚ್ಚು ಸಿಗುವುದಿಲ್ಲ, ಡ್ರಮ್ ಬ್ರೇಕ್ ಹಳ್ಳ ದಾಟಿ ನೆನೆದರೆ ಸ್ವಲ್ಪ ಹೊತ್ತು ಹಿಡಿಯುವುದೇ ಇಲ್ಲ. ಟ್ರೇಲಿಗೆ ಬೇರೆ ಬೈಕ್ ನೋಡಿ. ಯೆಜ್ಡಿಯ ಟ್ಯಾಂಕಿನೊಳಗೆ ತುಕ್ಕು ಹಿಡಿಯದಂತೆ ಪೆಟ್ರೋಲ್ ತುಂಬಿಸಿಡಿ, ಹದಿನೈದು ದಿನಕ್ಕೊಮ್ಮೆ ಅಪ್ಪನನ್ನೇ ಹಿಂದೆ ಕೂರಿಸಿಕೊಂಡು ಊರ ಹೊರಗಿನ ಟಾರು ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬನ್ನಿ.