ಗವರ್ನರ್ ಕುರ್ಚಿಯೋ, ಸಂಸತ್ ಸೀಟೋ?

ಪ್ರಶ್ನೆ: ಉಕ್ರೇನಿನ ಇಹೋರ್ ಪಾಲಿತ್ಸಿಯಾ ಒಮ್ಮೆ ಸಂಸದ, ಒಮ್ಮೆ ಗವರ್ನರ್, ಮತ್ತೆ ಸಂಸದ. ಎರಡೂ ಹುದ್ದೆಯಲ್ಲಿ ಒಟ್ಟಿಗೆ ಇರಬಾರದೇ?

ಉತ್ತರ: ಇರುವಂತಿಲ್ಲ. ಸಂಸದರು ಸರ್ಕಾರಿ ಹುದ್ದೆ ಹಿಡಿಯುವುದನ್ನು ಅಲ್ಲಿನ ಸಂವಿಧಾನದ 78ನೇ ವಿಧಿ ತಡೆಯುತ್ತದೆ. 'ಗವರ್ನರ್' ಎಂಬುದು ಆಡುಮಾತಷ್ಟೇ. ಅವರು ಪ್ರಾಂತೀಯ ಆಡಳಿತದ ಮುಖ್ಯಸ್ಥರು. ಸಂಪುಟದ ಶಿಫಾರಸಿನಂತೆ ಅವರನ್ನು ನೇಮಿಸುವವರು ರಾಷ್ಟ್ರಾಧ್ಯಕ್ಷರು, ತೆಗೆಯುವವರೂ ಅವರೇ. ಹಾಗಾಗಿ ಕುರ್ಚಿ ಸದಾ ಅಲುಗಾಟದಲ್ಲೇ. 2014ರಲ್ಲಿ ಒಡೆಸಾ ಪ್ರಾಂತ್ಯಕ್ಕೆ ಗವರ್ನರ್ ಆಗಿ ಹೋದ ಪಾಲಿತ್ಸಿಯಾಗೆ ಸಿಕ್ಕಿದ್ದು ಒಂದೇ ವರ್ಷ. ಆ ಜಾಗಕ್ಕೆ ಜಾರ್ಜಿಯಾದ ಮಾಜಿ ಅಧ್ಯಕ್ಷ ಸಾಕಾಶ್ವಿಲಿ ಬಂದರು! ಆಮೇಲೆ ಪಾಲಿತ್ಸಿಯಾ ತಮ್ಮ ತವರು ಪ್ರಾಂತ್ಯ ವೊಲಿನ್‌ನ ಪ್ರಾಂತೀಯ ಮಂಡಳಿಯ ಅಧ್ಯಕ್ಷರಾದರು. ಇದು ಮಂಡಳಿ ಸದಸ್ಯರೇ ಆರಿಸುವ ಹುದ್ದೆ. ಮಂಡಳಿಯ ಕೈ ಸಣ್ಣದೇನಲ್ಲ: ಮೂರನೇ ಎರಡರಷ್ಟು ಸದಸ್ಯರು ಅವಿಶ್ವಾಸ ಸೂಚಿಸಿದರೆ ಗವರ್ನರ್ ಮನೆಗೆ ಹೋಗಲೇಬೇಕು. 2019ರಲ್ಲಿ ಪಾಲಿತ್ಸಿಯಾ ವೊಲಿನ್‌ನ ಲುತ್ಸ್ಕ್ ನಗರದ 22ನೇ ಕ್ಷೇತ್ರದಿಂದ ಗೆದ್ದು ಮತ್ತೆ ಸಂಸತ್ತಿಗೆ ಬಂದರು.